ಖಾಲಿ ಎಂದು ಬರೆದ ಡ್ರಮ್ಮುಗಳು

ನಾಗಸೇನನನ್ನು ನಾನು ಮೊದಲ ಸಲ ನೋಡಿದ್ದೇ ಬೈಯುತ್ತ.

ಬೀದರಿನ ಚಿದ್ರಿಯಲ್ಲಿ ನಮ್ಮ ಮನೆಯ ಮುಂದೆ, ಬೆಳಿಗ್ಗೆ ಎಂಟೂವರೆಗೆ, ಯಾರೋ ಒಬ್ಬ ಬೈಕ್ ನಿಲ್ಲಿಸಿ ಮೊಬೈಲ್ ಎತ್ತಿ ಹಿಡಿದಿದ್ದ. ನಾನು ತಲೆಸ್ನಾನ ಮಾಡಿ, ಒದ್ದೆ ಕೂದಲು ಹಾಗೇ ಬಿಟ್ಟುಕೊಂಡು ಅಂಗಳಕ್ಕೆ ನೀರು ಹಾಕುತ್ತಿದ್ದೆ. ಒಳಗೆ ಅಪ್ಪ ವಚನ ಹೇಳುತ್ತಿದ್ದರು.

"ಏನ್ರೀ, ಮಂದಿ ಮನಿ ಮುಂದ ನಿಂತು ಹೆಣ್ಮಕ್ಕಳ ಫೋಟೋ ತೆಗೀಲತ್ತೀರಿ? ನಾಚಿಕಿ ಬರಂಗಿಲ್ಲೇನು?"

ಅವನು ಮೊಬೈಲ್ ಇಳಿಸಿದ. ಅವನ ಗಾಬರಿ ಮುಖದಲ್ಲಿ ಕಾಣಲಿಲ್ಲ, ಕಿವಿಯಲ್ಲಿ ಕಂಡಿತು. ಎರಡೂ ಕಿವಿ ಕೆಂಪಗಾಗಿದ್ದವು.

"ನಿಮ್ಮದಲ್ರೀ. ಬ್ಯಾರಲ್‌ದು."

"ಏನಂದ್ರಿ?"

"ನಿಮ್ಮ ಹಿಂದ ನೀಲಿ ಬ್ಯಾರಲ್ ಅದಲ್ರಿ, ಅದರ ಫೋಟೋ. ನೀವ್ ಸ್ವಲ್ಪ ಆಕಡಿ ಸರದ್ರ ಛಲೋ ಬರ್ತದ."

ಇಪ್ಪತ್ತಾರು ವರ್ಷದಲ್ಲಿ ಒಂದು ಪ್ಲಾಸ್ಟಿಕ್ ಡ್ರಮ್ಮಿಗಾಗಿ ಪಕ್ಕಕ್ಕೆ ಸರಿಯೆಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಸರಿಯಲಿಲ್ಲ.

"ಯಾಕ, ಬ್ಯಾರಲ್‌ಗೆ ವರ ನೋಡ್ಲತ್ತೀರೇನು?"

ಅವನಿಗೆ ನಗು ಬಂತು. ನಗಬಾರದೆಂದು ತುಟಿ ಬಿಗಿಹಿಡಿದ. ಕಣ್ಣು ಮಾತ್ರ ಕೇಳಲಿಲ್ಲ. "ಕುಡಿಯೋ ನೀರು ಇಡ್ತೀರೇನ್ರಿ ಇದರಾಗ?"

"ಇಲ್ಲ. ಬಳಸೋ ನೀರು."

"ಕುಡಿಯೋದು ಇಡಬ್ಯಾಡ್ರಿ. ಅಷ್ಟೇ." ಬೈಕ್ ಹತ್ತಿ ಹೋದ.

ಅದೇ ದಿನ ಹತ್ತು ಗಂಟೆಗೆ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ತರಬೇತಿ. ಅಪಾಯಕಾರಿ ರಾಸಾಯನಿಕ ಮತ್ತು ತ್ಯಾಜ್ಯದ ನಿಯಮಗಳ ಬಗ್ಗೆ ಮೂರು ದಿನ. ನಾನು ಅಲ್ಲಿನ ಒಂದು ಔಷಧಿ ಕಚ್ಚಾಮಾಲಿನ ಕಾರ್ಖಾನೆಯ ಸ್ಟೋರಿನಲ್ಲಿ ನಾಲ್ಕು ವರ್ಷದಿಂದ ಇದ್ದೆ. ಪಕ್ಕದಲ್ಲಿ ಲ್ಯಾಬಿನ ಜೇಬಾ ಕುಳಿತಿದ್ದಳು. ಬಾಗಿಲು ತೆರೆದು ಒಳಗೆ ಬಂದವನು ಬೋರ್ಡಿನ ಹತ್ತಿರ ಹೋಗಿ ತಿರುಗಿ ನಿಂತ.

"ನಮಸ್ಕಾರ. ನಾನು ನಾಗಸೇನ, ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಬಂದೀನಿ. ಊರು ಔರಾದ ತಾಲೂಕಿನ ಠಾಣಾ ಕುಶನೂರ." ನನ್ನನ್ನು ಕಂಡ. ಕಿವಿ ಮತ್ತೆ ಕೆಂಪಾಯಿತು.

"ಗುರ್ತಿನವರೇನೇ?" ಜೇಬಾ ಪಿಸುಗುಟ್ಟಿದಳು.

"ನಮ್ಮನಿ ಬ್ಯಾರಲ್‌ನ ಗುರ್ತಿನವರು."

ಅವನ ಪಾಠ ನನಗೆ ಇಷ್ಟವಾದದ್ದು ವಿಷಯದಿಂದಲ್ಲ. ಅಪ್ಪ ವಚನ ಹೇಳುವಾಗ ಸಾಲಿನ ಕೊನೆಗೆ ಒಂದು ಉಸಿರಿನಷ್ಟು ನಿಲ್ಲುತ್ತಾರೆ. ಕೇಳುವವರಿಗೆ ಒಳಗೆ ಬಂದು ಕೂರಲು ಜಾಗ ಬಿಟ್ಟ ಹಾಗೆ. ಹುಟ್ಟಿದಾಗಿನಿಂದ ಆ ನಿಲುಗಡೆಯನ್ನು ಕೇಳಿ ಬೆಳೆದವಳು ನಾನು. ಇವನು ಆಮ್ಲ, ದ್ರಾವಕ, ಲೇಬಲ್ ಅಂತ ಹೇಳುವಾಗಲೂ ಅದೇ ಉಸಿರು, ಅದೇ ಜಾಗ.

ಎರಡನೇ ದಿನ ಚಹಾದ ಹೊತ್ತಿಗೆ ಪಕ್ಕದಲ್ಲಿ ಬಂದು ನಿಂತ.

"ನಿನ್ನಿ ನಿಮ್ಮನ್ಯಾಗ ವಚನ ಹೇಳ್ತಿದ್ದವರು ಅಪ್ಪಾರೇನ್ರಿ?"

"ಹೌದ್ರಿ. ನಿಮಗ ಕೇಳಿಸ್ತೇನು?"

"ಗಲ್ಲಿ ಮೂಲ್ಯಾಗ ಬೈಕ್ ನಿಲ್ಸಿ ಮುಗಿಯೋತನಕ ಕೇಳ್ದೆ." ಚಹಾ ಊದಿದ. "ನಮ್ಮ ಆಯಿ ದಿನಾ ಸಂಜಿಗಿ ಬುದ್ಧವಂದನಿ ಹೇಳ್ತಾಳ. ಪಾಳಿ ಭಾಷಾ."

"ಅರ್ಥ ಆಗ್ತದೇನ್ರಿ ನಿಮಗ?"

"ಅರ್ಧ ಆಗ್ತದ. ಉಳಿದರ್ಧ ಆಯಿ ದನಿ."

ನನ್ನ ಕಪ್ಪಿನಲ್ಲಿ ಚಹಾ ಆರಿಹೋಗಿತ್ತು. ಕುಡಿದಿರಲಿಲ್ಲ ಎಂಬುದೂ ನೆನಪಿರಲಿಲ್ಲ. ಅವನ ಕಣ್ಣು ಕಪ್ಪಿನ ಮೇಲೆ ಬಿತ್ತು, ಮೇಲೆದ್ದಿತು, ನನ್ನ ಹಣೆಯ ವಿಭೂತಿಯವರೆಗೆ ಬಂದು ಅಲ್ಲಿಂದ ಮರ್ಯಾದೆಯಾಗಿ ಹಿಂದೆ ಸರಿಯಿತು. ಹಾಗೆ ಸರಿದದ್ದೇ ನನಗೆ ನೋವು ತಂದಿತು.

ಮೂರನೇ ದಿನ ಅವನು ಬೋರ್ಡಿನ ಮೇಲೆ ಒಂದೇ ಪದ ಬರೆದ. ಖಾಲಿ.

"ನಾವು ಎಲ್ಲಾದಕ್ಕೂ ಈ ಮಾತು ಹೇಳ್ತೇವಿ. ಖಾಲಿ ಕುಂತೀನಿ, ಮನಿ ಖಾಲಿ ಅದ, ಡಬ್ಬಿ ಖಾಲಿ ಆತು. ಆದರ ರಾಸಾಯನಿಕ ಇದ್ದ ಡ್ರಮ್ ಖಾಲಿ ಆದ ಮ್ಯಾಲೂ ನಿಯಮದಾಗ ಅದು ಅಪಾಯಕಾರಿ ತ್ಯಾಜ್ಯನೇ. ಗ್ವಾಡಿಗಿ ಹತ್ತಿದ್ದು ಉಳದಿರ್ತದ. ಕೆಲವಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ. ಅದರಾಗ ಯಾರೋ ನೀರು ತುಂಬತಾರ. ಕುಡೀತಾರ."

ನಾನು ಬರೆದುಕೊಳ್ಳುತ್ತಿದ್ದ ಪೆನ್ನು ಕೆಳಗಿಟ್ಟೆ.

ಹೋದ ತಿಂಗಳು ಮ್ಯಾನೇಜರ್ ಬಾಗಿಲಲ್ಲಿ ನಿಂತು, "ಜಾಗ ಇಲ್ಲ, ಆ ಆರು ಡ್ರಮ್ ಹೊರಗ ಹಾಕ್ರಿ ಮೇಡಂ" ಎಂದಿದ್ದರು. ಬಾಯಿಮಾತು. ಗೇಟ್ ಪಾಸ್ ಬರೆದದ್ದು ನಾನು. 'ಖಾಲಿ ಡ್ರಮ್, ಆರು' ಎಂದು ಬರೆದು, ಪ್ರತಿಯೊಂದರ ಮೇಲೂ ಬಿಳಿ ಬಣ್ಣದಿಂದ ನಂಬರ್ ಹಾಕಿ, ಕೆಳಗೆ ಸಹಿ ಮಾಡಿದ್ದೆ. ಒಂದನ್ನು ನಾನೇ ಮನೆಗೆ ತಂದಿದ್ದೆ. ಉಳಿದ ಐದು ಭಾಲ್ಕಿಯ ಗುಜರಿಯವರಿಗೆ ಹೋಗಿದ್ದವು.

ಎಲ್ಲರೂ ಹೋದ ಮೇಲೆ ಅವನಿಗೆ ಹೇಳಿದೆ. ಅವನು ಬೋರ್ಡ್ ಒರೆಸುತ್ತಿದ್ದ ಕೈ ನಿಲ್ಲಿಸಿದ.

"ನಿಮ್ಮ ಕಾರ್ಖಾನಿ ವರದಿ ನಾನೇ ಬರೀಬೇಕ್ರಿ. ಡ್ರಮ್ ಎಲ್ಲಿ ಹೋದವು, ಯಾರು ಸಹಿ ಮಾಡಿ ಕಳಿಸಿದ್ರು, ಎರಡೂ ಬರೀಬೇಕು."

"ಮ್ಯಾನೇಜರ್‌ಗೆ ಕೇಳ್ರಿ."

"ಮುಂಜಾನಿ ಕೇಳ್ದೆ. ಡ್ರಮ್ ವಿಷಯ ಸ್ಟೋರ್‌ನವರಿಗೇ ಗೊತ್ತು ಅಂದ್ರು."

ವರದಿಯಲ್ಲಿ ನನ್ನ ಹೆಸರು ಬಂದರೆ ಕೆಲಸ ಹೋಗುತ್ತದೆ, ಬೀದರಿನ ಯಾವ ಕಾರ್ಖಾನೆಯೂ ಮತ್ತೆ ತೆಗೆದುಕೊಳ್ಳುವುದಿಲ್ಲ. ಬರದಿದ್ದರೆ ಮೂರು ದಿನ ನಿಂತು ಪಾಠ ಮಾಡಿದವನೇ ಸುಳ್ಳು ಬರೆದಂತಾಗುತ್ತದೆ.

"ಬಿಡ್ರಿ ಅಂದ್ರ ಬಿಡ್ತೇನಿ," ಅವನು ನೆಲ ನೋಡಿಕೊಂಡು ಅಂದ. "ನಿಮ್ಮ ಹೆಸರು."

ಬಿಡಿ ಎನ್ನಲು ಬಾಯಿ ಬರಲಿಲ್ಲ. ಬರೆಯಿರಿ ಎನ್ನಲೂ ಬರಲಿಲ್ಲ. "ಮೊದಲಿಗಿ ಡ್ರಮ್ ಹುಡುಕೋಣ್ರಿ" ಎಂದೆ.

ಮರುದಿನ ರಜೆ ಹಾಕಿ ಭಾಲ್ಕಿ ಬಸ್ಸು ಹತ್ತಿದೆ. ಹಿಂದಿನಿಂದ ಅವನು ಹತ್ತಿದ. ಸೀಟು ಹುಡುಕುತ್ತಿದ್ದ ನಮಗೆ ಕಂಡಕ್ಟರ್ ಕೂಗಿ ಹೇಳಿದ: "ಇಲ್ಲಿ ಖಾಲಿ ಅದ, ಇಬ್ಬರೂ ಕುಂಡ್ರಿ!" ಆ ಪದಕ್ಕೆ ಇಬ್ಬರೂ ಒಟ್ಟಿಗೆ ಬೆಚ್ಚಿದೆವು, ಒಟ್ಟಿಗೇ ನಕ್ಕೆವು. ನಕ್ಕ ಮೇಲೆ ಕುಳಿತದ್ದು ಬಲು ಹತ್ತಿರವಾಯಿತು. ದಾರಿಯ ಎರಡೂ ಬದಿ ತೊಗರಿ ಹೂಬಿಟ್ಟಿತ್ತು. ಅವನು ತನ್ನ ತೋಳನ್ನು ನನ್ನ ತೋಳಿಗೆ ತಾಗದಂತೆ ಎಷ್ಟು ಬಿಗಿಹಿಡಿದು ಕುಳಿತಿದ್ದನೆಂದರೆ, ತಾಗಿದ್ದರೂ ಅಷ್ಟು ಗೊತ್ತಾಗುತ್ತಿರಲಿಲ್ಲ.

ಗುಜರಿಯ ಮುನೀರೋದ್ದೀನ ಚಾಚಾನ ಅಂಗಳದಲ್ಲಿ ನಾಲ್ಕು ಡ್ರಮ್ ಹಾಗೇ ಇದ್ದವು.

"ನಾ ಏನ್ ತಪ್ಪ್ ಮಾಡೀನಿ ಬೇಟಾ? ಪಾಸ್‌ನಾಗ ಖಾಲಿ ಅಂತ ಬರದಿತ್ತಲ್ಲ? ಓದಿದವರು ಬರದಾರ ಅಂದ ಮ್ಯಾಲ ನಾ ಮೂಗಿಟ್ಟು ನೋಡ್ಲೇನು?"

"ನಿಮ್ಮದೇನೂ ತಪ್ಪಿಲ್ಲ ಚಾಚಾ," ಎಂದೆ. "ಬರದಾಕಿ ನಾನೇ."

ಮುದುಕ ನನ್ನನ್ನೇ ನೋಡಿದ. ಆಮೇಲೆ ದನಿ ಇಳಿಸಿದ. "ಐದನೇದು ಕುಶನೂರಿನವರು ಒಬ್ರು ಮೊನ್ನಿ ಒಯ್ದರು. ಹೆಸರು ನೆನಪಿಲ್ಲ, ಬೇಟಾ."

ಠಾಣಾ ಕುಶನೂರಿಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಊರೆಲ್ಲ ವಿಚಾರಿಸುವ ಮುಂಚೆ ಒಂದು ಗಳಿಗೆ ಮನೆಗೆ ಹೋಗೋಣ ಎಂದು ಅವನೇ ಕರೆದ. ಅಂಗಳದಲ್ಲಿ ಕೈಪಂಪು, ಬಾಗಿಲ ಮೇಲೆ ಬುದ್ಧನ ಪಟ. ಅವನ ಕಾಕಾ ಕಾಶೀರಾಮ ಹೊರಗೇ ಅವನನ್ನು ಮಾತಿಗೆ ನಿಲ್ಲಿಸಿಕೊಂಡರು. ನಾನು ಒಳಗೆ ಹೋದೆ.

ಅವನು ಆಯಿ ಎನ್ನುವ ತಾಯಿ ಕೌಸಲ್ಯಾಬಾಯಿ ಚಾಪೆ ಹಾಸಿದರು. ನನ್ನ ಹಣೆಯನ್ನೊಮ್ಮೆ ನೋಡಿದರು, ಕೊರಳ ಲಿಂಗದ ದಾರವನ್ನೊಮ್ಮೆ ನೋಡಿದರು. ಸ್ವಲ್ಪ ತಡೆದು ಒಳಗೆ ಹೋಗಿ, ಥಳಥಳ ಬೆಳಗಿದ ಗ್ಲಾಸಿನಲ್ಲಿ ನೀರು ತಂದು ನನ್ನ ಕೈಗೆ ಕೊಟ್ಟರು.

ಬಾಯಿಯವರೆಗೆ ಎತ್ತಿದ್ದೆ. ಅವರ ಹೆಗಲ ಹಿಂದೆ, ಅಡುಗೆಮನೆಯ ಮೂಲೆಯಲ್ಲಿ ನೀಲಿ ಡ್ರಮ್ ಕಂಡಿತು. ಅದರ ಮೇಲೆ ಬಿಳಿ ಬಣ್ಣದ ಆರು. ಬಾಲ ಉದ್ದ ಎಳೆದು ಬರೆಯುವ ನನ್ನದೇ ಆರು.

ಕೈ ನಿಂತಿತು.

ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಈ ಮನೆಯಲ್ಲಿ, ಈ ಹಣೆ ಹೊತ್ತವಳು ಎತ್ತಿದ ಗ್ಲಾಸು ಕೆಳಗಿಳಿಸಿದರೆ ಅದಕ್ಕೆ ಏನು ಅರ್ಥವೆಂದು ನನಗೆ ಗೊತ್ತಿತ್ತು. ಕುಡಿದುಬಿಡೋಣ ಎನಿಸಿತು. ಒಂದು ಗುಟುಕು, ಏನಾದೀತು? ದೇವರಾಣೆ, ಕುಡಿಯುವವಳಿದ್ದೆ. ಆದರೆ ನಾನು ಕುಡಿದರೆ ಸಂಜೆ ಅವರೂ ಅದನ್ನೇ ಕುಡಿಯುತ್ತಾರೆ.

ಇಳಿಸಿದೆ. "ಆಯಿ, ಈ ನೀರು ಬ್ಯಾಡ್ರಿ."

ಅವರ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಮೊದಲೇ ಗೊತ್ತಿದ್ದದ್ದು ಗೊತ್ತಾದ ಹಾಗೆ ಒಂದು ಸಣ್ಣ ನಗು ಬಂತು. "ಇರ್ಲಿ ಮಗಳ. ನಮಗ ತಿಳೀತದ. ಅಂಗಡ್ಯಾಗಿಂದ ಬಾಟಲಿ ನೀರು ತರಸ್ತೇನಿ."

"ಅದಕ್ಕಲ್ರೀ ಆಯಿ!" ನನ್ನ ದನಿ ನನಗೇ ಕೀರಲಾಗಿ ಕೇಳಿತು. "ಡ್ರಮ್‌ನಾಗ ವಿಷ ಅದ. ಅದರ ಮ್ಯಾಲ ನಂಬರ್ ಹಾಕಿದಾಕಿ ನಾ. ಖಾಲಿ ಅಂತ ಬರದು ಕಳಿಸಿದಾಕಿನೂ ನಾನೇ."

ಅವರಿಗೆ ಅರ್ಥವಾಯಿತೋ ಇಲ್ಲವೋ. ನನ್ನನ್ನೇ ನೋಡುತ್ತಿದ್ದರು. ಮಾತು ಸಾಲದೆ ಹೋದಾಗ ಏನು ಮಾಡಬೇಕೆಂದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಅಂಗಳಕ್ಕೆ ಓಡಿದೆ, ಕೈಪಂಪಿನ ಪಕ್ಕ ಕುಳಿತು ಬೊಗಸೆ ಒಡ್ಡಿದೆ.

"ಬೋರಿಂಗ್ ನೀರು ಕೊಡ್ರಿ. ನಿಮ್ಮ ಕೈಲಿಂದ."

ಕೌಸಲ್ಯಾಬಾಯಿ ಹಿಂದೆಯೇ ಬಂದರು. ತಂಬಿಗೆ ತುಂಬಿದರು. ಆದರೆ ಹಾಕಲಿಲ್ಲ. ಬಗ್ಗಿ ನನ್ನ ಎರಡೂ ಕೈ ಹಿಡಿದು ಬೊಗಸೆ ಬಿಡಿಸಿದರು.

"ಹಿಂಗ ಒಡ್ಡಬಾರದು. ಮಂದಿ ಬಾಗಲ್ದಾಗ ನಮ್ಮ ಹಿರೇರು ಭಾಳ ವರ್ಷ ಒಡ್ಡ್ಯಾರ. ನಮ್ಮ ಮನ್ಯಾಗ ಯಾರೂ ಒಡ್ಡೂದು ಬ್ಯಾಡ." ತಂಬಿಗೆಯನ್ನೇ ನನ್ನ ಕೈಗಿಟ್ಟರು. "ತಗೋ. ಕಚ್ಚಿ ಕುಡಿ."

ಕುಡಿದೆ. ನೀರು ಉಪ್ಪುಪ್ಪಾಗಿತ್ತು. ಬೋರಿಂಗಿನದೋ, ನನ್ನದೋ. ತಲೆ ಎತ್ತಿದಾಗ ನಾಗಸೇನ ಕಟ್ಟೆಯ ಮೇಲೆ ನಿಂತಿದ್ದ. ಒಳಗಿನ ಡ್ರಮ್ಮನ್ನು ನೋಡಿ ಬಂದಿದ್ದ. ಅವನ ಮುಖದ ಬಣ್ಣ ಹೇಗಾಗಿತ್ತು ಎಂದು ನಾನು ಹೇಳಲಾರೆ.

"ಎಷ್ಟು ದಿನ ಆತು ಆಯಿ, ಇದರ ನೀರು ಕುಡೀಲತ್ತು?"

"ನಿನ್ನಿ ತುಂಬೀವಿ. ನಿಮ್ಮ ಕಾಕಾ ಪ್ರೀತಿಲಿಂದ ತಂದಾನ, ಬೈಬ್ಯಾಡ."

ಸಿಕ್ಕ ಜೀಪಿನಲ್ಲಿ ಔರಾದಿಗೆ ಹೋದೆವು. ಕಾಶೀರಾಮ ಕಾಕಾ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡರು. ಆಸ್ಪತ್ರೆಯಲ್ಲಿ ಡಾಕ್ಟರ್ ಆಯಿ, ಕಾಕಾ ಇಬ್ಬರ ರಕ್ತವನ್ನೂ ತೆಗೆದುಕೊಂಡರು. ಸದ್ಯಕ್ಕೆ ಏನೂ ಕಾಣುವುದಿಲ್ಲ, ವಾರ ಬಿಟ್ಟು ಮತ್ತೆ ನೋಡೋಣ ಎಂದರು. ಒಂದು ವಾರ. ಅಷ್ಟು ದಿನ ನಾವು ಮಾಡುವಂಥದ್ದು ಏನೂ ಇರಲಿಲ್ಲ.

ಹೊರಗಿನ ಬೆಂಚಿನ ಮೇಲೆ ನಾಗಸೇನ ಲ್ಯಾಪ್‌ಟಾಪ್ ತೆರೆದ. ವರದಿಯಲ್ಲಿ ಎಲ್ಲ ತುಂಬಿದ್ದ. ಒಂದೇ ಜಾಗ ಉಳಿದಿತ್ತು: ಹೊರಗೆ ಕಳಿಸಲು ಸಹಿ ಮಾಡಿದವರು.

"ಬಾಯಿಮಾತಿಲೆ ಹೇಳಿದವರು ಅಂತ ಮ್ಯಾನೇಜರ್ ಹೆಸರೂ ಬರದೀನಿ," ಎಂದ. "ಅವರು ಒಪ್ಪಂಗಿಲ್ಲ. ನಿಮ್ಮದು ಬಿಡ್ಲೇನ್ರಿ?"

"ಬರೀರಿ."

'ಶಿ' ಎಂದು ಒತ್ತಿದ. ಅಲ್ಲಿಗೇ ನಿಲ್ಲಿಸಿದ. ಆ ಉಸಿರು ಈ ಸಲ ಬಹಳ ಉದ್ದವಾಯಿತು.

"ನನ್ನ ಕೈಲಿಂದ ಆಗಂಗಿಲ್ಲ ಶಿವಾನಿ." ಮೊದಲ ಸಲ 'ರೀ' ಬಿಟ್ಟು ಹೆಸರು ಹಿಡಿದಿದ್ದ. "ಈ ಹೆಸರು ನಾ ಬ್ಯಾರೆ ಕಡಿ ಬರೀಬೇಕಂತ ಮಾಡಿದ್ದೆ. ನನ್ನ ಹೆಸರಿನ ಬಾಜೂಕ. ನಿನ್ನಿಯಿಂದಲ್ಲ. ನೀ ಬ್ಯಾರಲ್ ಮುಂದಿಂದ ಸರೀಲಿಲ್ಲಲ್ಲ, ಆವತ್ತಿಂದ."

ಎದೆಯೊಳಗೆ ಏನೋ ತುಂಬಿ ಬಂತು. ಅದನ್ನು ಇಡಲು ಜಾಗವಿರಲಿಲ್ಲ. ಅಪ್ಪನಿಗೆ ಹೇಳಬೇಕಿತ್ತು. ದಿನಾ ಬೆಳಿಗ್ಗೆ ಎಲ್ಲರೂ ಒಂದೇ ಎಂದು ಹಾಡುವ ಅಪ್ಪ ಏನೆನ್ನುತ್ತಾರೋ ತಿಳಿಯದು. ಕೆಲಸವಿಲ್ಲದ ನಾಳೆ ಕಣ್ಣೆದುರು ಇತ್ತು.

"ಅಲ್ಲಿ ಬರ್ಯೋಕಿಂತ ಮೊದಲ ಇಲ್ಲಿ ಬರೀರಿ," ಎಂದೆ. "ಇಲ್ಲಿ ಬಿಟ್ರ, ಅಲ್ಲಿ ಬರ್ಯೋ ಮುಂದ ನಿಮ್ಮ ಕೈ ನಡಗ್ತದ."

ಅವನು ತಲೆಯಾಡಿಸಿದ. ಆದರೂ ಬೆರಳು ಏಳಲಿಲ್ಲ. ನಾನೇ ಲ್ಯಾಪ್‌ಟಾಪ್ ಎಳೆದುಕೊಂಡು ಉಳಿದ ಅಕ್ಷರ ಒತ್ತಿದೆ. ಅಪ್ಪನ ಹೆಸರು ವೈಜಿನಾಥ ಎಂದೂ, ಊರು ಚಿದ್ರಿ ಎಂದೂ ಪೂರ್ತಿ ಬರೆದೆ.

ಕೌಸಲ್ಯಾಬಾಯಿ ತೋಳಿಗೆ ಹತ್ತಿ ಒತ್ತಿಕೊಂಡು ಹೊರಗೆ ಬಂದರು. ನಮ್ಮಿಬ್ಬರ ನಡುವೆ ಜಾಗ ಮಾಡಿಕೊಂಡು ಕುಳಿತರು. "ನಿನ್ನ ಹೆಸರು ಕೇಳೂದೇ ಬಿಟ್ಟೆ ನೋಡು ಮಗಳ," ಎಂದರು.

ಹೇಳುವ ಬದಲು ಪರದೆಯನ್ನು ಅವರ ಕಡೆ ತಿರುಗಿಸಿದೆ.

ಅವರು ಕನ್ನಡಕ ಏರಿಸಿ, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ಸಂಜೆಯ ವಂದನೆ ಹೇಳುವ ದನಿಯಲ್ಲೇ ಇರಬೇಕು, ನಿಧಾನ ಓದಿದರು.

"ಶಿ... ವಾ... ನಿ."

ನಾಗಸೇನ ಕಣ್ಣು ಮುಚ್ಚಿ ಕೇಳುತ್ತಿದ್ದ. ಆಮೇಲೆ ಕೈಚಾಚಿ 'ಕಳಿಸು' ಒತ್ತಿದ.