ಫೋನ್ ಇಟ್ಟ ಮೇಲೆ

"ಮನೆಯಿಂದ ಯಾರನ್ನು ತಂದಿದ್ದಿ?"

ಬಾಗಿಲಲ್ಲೇ ಎದುರಾದ ಈ ಪ್ರಶ್ನೆಗೆ ಉಜ್ವಲಾ ಗಾಬರಿಯಾಗಿ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಕೋಣೆಯೊಳಗಿದ್ದವರೆಲ್ಲ ಗೊಳ್ಳೆಂದು ನಕ್ಕರು.

ನಗದೆ ನಿಂತವನು ಪ್ರಶ್ನೆ ಕೇಳಿದವನೊಬ್ಬನೇ. ಬೇಳ ಎಂಬ ಊರಿನ ಮೆರ್ವಿನ್. ಕ್ಯಾಂಪಸ್ಸಿನ ಸ್ಕಿಟ್ ತಂಡದಲ್ಲಿ ಎಲ್ಲರನ್ನೂ ನಗಿಸುವವನು ಅವನೇ ಎಂದು ಅವಳು ಕೇಳಿದ್ದಳು. ಆದರೆ ಆ ಕಣ್ಣುಗಳು ಇಷ್ಟು ಮೆತ್ತಗಿರುತ್ತವೆಂದು ಯಾರೂ ಹೇಳಿರಲಿಲ್ಲ...

"ಹೆದರಬೇಡ ಮಾರಾಯ್ತಿ, ತಂಡದ ಕ್ರಮ ಅದು. ಹೊಸಬರು ತಮ್ಮ ಮನೆಯ ಒಬ್ಬರನ್ನು ನಮಗೆ ಕೊಡ್ಬೇಕು. ನಡಿಗೆ, ಮಾತು, ಸಿಟ್ಟು, ಎಲ್ಲ ಹೇಳಿಕೊಡ್ಬೇಕು. ನಮ್ಮಲ್ಲೊಬ್ಬರು ಅದನ್ನು ಸ್ಕಿಟ್ಟಿನಲ್ಲಿ ಆಡುವುದು."

"ಮತ್ತೆ?"

"ಆಡುವವರು ಕ್ಯಾಂಪಸ್ ಬಿಡುವಾಗ ವಾಪಸ್. ಕೊಟ್ಟವರ ಎದುರು ಮಾತ್ರ ಒಂದು ಸಲ ಆಡಿ ತೋರಿಸುವುದು. ಆಮೇಲೆ ಯಾರು ಕೇಳಿದ್ರೂ ಆಡ್ಲಿಕ್ಕಿಲ್ಲ."

"ನನ್ನ ಅಜ್ಜಿ ಇನ್ನೂ ಇವನ ಹತ್ರವೇ ಉಂಟು," ಎಂದಳು ತಂಡದ ನಾಯಕಿ ಪೂಜಾಶ್ರೀ. "ಎಲೆ ಅಡಿಕೆ ಖರ್ಚು ಅವನದ್ದೇ."

ಉಜ್ವಲಾಳಿಗೆ ನಗು ಬಂತು. "ಹಾಗಾದ್ರೆ ನನ್ನ ಪಪ್ಪನನ್ನು ತೆಗೊಳ್ಳಿ."

ಅಪ್ಪ ಹರಿನಾಥ ಅವಳ ಪಾಲಿಗೆ ಬಹಳ ಕಾಲ ಒಂದು ಸ್ವರ ಮಾತ್ರವಾಗಿದ್ದ. ಅವಳ ಬಾಲ್ಯವಿಡೀ ಅವನು ಶಾರ್ಜಾದಲ್ಲಿ ದುಡಿದ. ಅಲ್ಲಿನ ಬೂತಿನಿಂದ ಫೋನ್ ಮಾಡಿದರೆ, ಸ್ವರವನ್ನು ಸಮುದ್ರ ದಾಟಿಸಬೇಕಾದವನ ಹಾಗೆ ಕೂಗುತ್ತಿದ್ದ. "ಒಣಸ್ ಆಂಡಾ ಮಗಾ?" ಎಂದು ತುಳುವಿನಲ್ಲಿ ಊಟ ಆಯಿತೇ ಎಂದು ಕೇಳುವುದು, ಉತ್ತರ ಬರುವ ಮೊದಲೇ "ಆವು, ದೀಪೆ" ಎಂದು, ಆಯ್ತು ಇಡ್ತೇನೆಂದು, ಫೋನ್ ಇಟ್ಟುಬಿಡುವುದು. ಫೋನ್ ಕಾರ್ಡಿನ ದುಡ್ಡು ಮುಗಿಯುವ ಆತುರ. ತನ್ನೂರು ಪೈವಳಿಕೆಗೆ ಮರಳಿ ಬಂದು ನೆಲೆಸಿದ ಮೇಲೂ ಆ ಕೂಗು ಬಿಡಲಿಲ್ಲ, ಆ ಆತುರವೂ ಬಿಡಲಿಲ್ಲ.

ಕ್ಯಾಂಟೀನಿನ ಹಿಂದಿನ ಗೇರುಮರದಡಿ ಅವಳು ಮೆರ್ವಿನ್‌ಗೆ ಅಪ್ಪನನ್ನು ಕಲಿಸಿದಳು. ಕಲಿಸುತ್ತ ಕಲಿಸುತ್ತ ಯಾವಾಗ ಅವನ ಬರವಿಗೆ ಕಾಯತೊಡಗಿದಳೋ, ಅವಳಿಗೇ ತಿಳಿಯಲಿಲ್ಲ.

ಒಂದು ಸಂಜೆ ಯಾರಿಗೂ ಹೇಳದ ಮಾತೊಂದನ್ನು ಹೇಳಿದಳು.

"ಚಿಕ್ಕವಳಿರುವಾಗ... ಪಪ್ಪ ಫೋನ್ ಇಟ್ಟ ಮೇಲೂ ನಾನು ಮಾತಾಡ್ತಾ ಇರ್ತಿದ್ದೆ. ಎಂತ ಸಾರು, ಎಂತ ಪಲ್ಯ, ಎಲ್ಲ. ಆಚೆ ಯಾರೂ ಇಲ್ಲ ಅಂತ ಗೊತ್ತಿದ್ದೂ."

ಮೆರ್ವಿನ್ ನಗಲಿಲ್ಲ. ಅವಳ ಕೈ ಹಿಡಿದುಕೊಂಡ.

ಅದೇ ಮೆರ್ವಿನ್ ಓಣಂ ದಿನದ ಸ್ಕಿಟ್ಟಿನಲ್ಲಿ ಆ ಮಾತನ್ನು ವೇದಿಕೆಗೆ ತಂದುಬಿಟ್ಟ!

ಅವನು ಅಪ್ಪನಾಗಿ ಕೂಗಿ ಫೋನ್ ಇಟ್ಟ. ಎರಡು ಜಡೆ ಹಾಕಿದ ಪೂಜಾಶ್ರೀ ಸತ್ತ ಫೋನಿಗೆ ಬಂಗುಡೆ ಸಾರಿನ ವರ್ಣನೆ ಮಾಡುತ್ತಲೇ ಹೋದಳು. ಹಾಲ್ ಬಿದ್ದು ಬಿದ್ದು ನಕ್ಕಿತು. ಪರದೆಯ ಬದಿಯಲ್ಲಿದ್ದ ಉಜ್ವಲಾ ನಗುವ ಹಾಲಿನತ್ತ ಮುಖ ತಿರುಗಿಸಿದಳು. ಅಷ್ಟರಲ್ಲಿ ಹಿಂದಿನ ಸಾಲಿನ ಆಚೆ ಕಂಡದ್ದು... ಅಪ್ಪ! ಕೈಯಲ್ಲಿ ಅಮ್ಮ ಕೊಟ್ಟ ಪತ್ರೊಡೆಯ ಡಬ್ಬಿ. ಮಗಳಿಗೆ ತಿಳಿಸದೆ ಬಂದವನು ಆ ನಗುವಿನ ನಡುವೆಯೇ ತಲೆ ತಗ್ಗಿಸಿ ಹೊರಗೆ ಹೋದ.

ಅಂದಿನಿಂದ ಅವನ ಕೂಗು ನಿಂತಿತು. ಹಾಸ್ಟೆಲಿಗೆ ಫೋನ್ ಮಾಡುವನು, ಮೆಲ್ಲನೆ "ಒಣಸ್ ಆಂಡಾ?" ಎನ್ನುವನು, ಮತ್ತೆ ಮೌನ. ಆ ಮೌನ ಅವಳನ್ನು ಇರಿಯುತ್ತಿತ್ತು. 'ಪಪ್ಪನ ಮನಸ್ಸು ಮುರಿದದ್ದು ನಾನೇ...' ಎನಿಸಿ ಮಾತು ಬಾರದೆ, "ಹ್ಞೂಂ" ಎಂದು ಅವಳೇ ಫೋನ್ ಇಟ್ಟುಬಿಡುತ್ತಿದ್ದಳು.

ಕ್ರಿಸ್‌ಮಸ್ ರಜೆಗೆ ಮೊದಲು ಹರಿನಾಥ ಅಂಗಳದಲ್ಲಿ ಕುಸಿದು ಬಿದ್ದವನು ಮತ್ತೆ ಏಳಲಿಲ್ಲ.

ಮೆರ್ವಿನ್ ಓಡಿ ಬಂದಿದ್ದ. ಉಜ್ವಲಾ ಅವನನ್ನು ಗೇಟಿನಲ್ಲೇ ತಡೆದಳು.

"ನೋಡಿ ಆಯ್ತಲ್ಲ? ಹೋಗು. ಇದನ್ನೂ ಸ್ಟೇಜಿನಲ್ಲಿ ಮಾಡು."

ಅವನು ಬಾಯಿ ತೆರೆದ. ಅವಳು ಕೇಳಲಿಲ್ಲ.

ತಿಂಗಳುಗಳು ಕಳೆದಂತೆ ಇನ್ನೊಂದು ಭಯ ಅವಳನ್ನು ಹಿಡಿಯಿತು. ಅಪ್ಪನ ಮಾತುಗಳು ನೆನಪಾಗುತ್ತಿದ್ದವು, ಸ್ವರ ನೆನಪಾಗುತ್ತಿರಲಿಲ್ಲ. ವಾಯ್ಸ್ ಮೆಸೇಜ್ ಕಳಿಸುವ ಅಭ್ಯಾಸ ಅವನಿಗಿರಲಿಲ್ಲ. ಕಣ್ಣು ಮುಚ್ಚಿ ಎಷ್ಟು ಹುಡುಕಿದರೂ ಬರೀ ಶಬ್ದಗಳು... ಅಪ್ಪ ಇಲ್ಲ.

ಮಾರ್ಚಿನಲ್ಲಿ ಪೂಜಾಶ್ರೀ ಬಂದು ಪಕ್ಕದಲ್ಲಿ ಕುಳಿತಳು.

"ನಾಳೆ ಮೆರ್ವಿನ್ ಕೆಲಸಕ್ಕೆ ಅಂತ ಕೊಚ್ಚಿಗೆ ಹೋಗ್ತಾನೆ. ನನ್ನ ಅಜ್ಜಿಯನ್ನೂ ವಾಪಸ್ ಕೊಟ್ಟಾಯ್ತು. ಇನ್ನು ನಿನ್ನ ಪಪ್ಪ ಒಬ್ರೇ ಅವನ ಹತ್ರ ಇರುವುದು."

ಉಜ್ವಲಾ ಎದ್ದಳು.

ತಂಡದ ಕೋಣೆಯಲ್ಲಿ ಮೆರ್ವಿನ್ ಒಬ್ಬನೇ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ.

"ನನ್ನ ಪಪ್ಪನನ್ನು ವಾಪಸ್ ಕೊಡು," ಎಂದಳು. ಸಿಟ್ಟಿನಲ್ಲಿ ಹೇಳಬೇಕೆಂದುಕೊಂಡಿದ್ದಳು. ಬಂದದ್ದು ಬೇಡಿದ ಹಾಗೆ.

ಅವನು ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟ. "ನೀನು ನಂಬಿ ಹೇಳಿದ್ದನ್ನು ಸ್ಟೇಜಿಗೆ ತಂದದ್ದು ನನ್ನ ತಪ್ಪು. ಅದಕ್ಕೆ ಎಂತ ಹೇಳಿದ್ರೂ ಸಾಲುವುದಿಲ್ಲ. ಆದ್ರೆ ಅಂಕಲ್ ಬೇಜಾರಾಗಿ ಹೋದದ್ದಲ್ಲ ಉಜ್ವಲಾ. ಹಿಂದಿನ ಬಾಗಿಲಿಂದ ನನ್ನ ಹತ್ರ ಬಂದಿದ್ರು."

"ನಿನ್ನ ಹತ್ರ? ಎಂತ ಹೇಳಿದ್ರು?"

"ಕೊನೆ ಸರಿಯಾಗ್ಲಿಲ್ಲ ಅಂದ್ರು. ಸರಿ ಮಾಡಿ ಕೊಟ್ರು. ನೋಡು."

ಅವನು ಅಂಗೈಯನ್ನು ಕಿವಿಗೊತ್ತಿಕೊಂಡ. ಎಡ ಭುಜ ಸ್ವಲ್ಪ ಬಾಗಿತು.

"ಒಣಸ್ ಆಂಡಾ ಮಗಾ?"

ಉಜ್ವಲಾ ಗೋಡೆ ಹಿಡಿದುಕೊಂಡಳು. ಅಪ್ಪ! ಅದೇ ಕೂಗು, ಕೊನೆಯಲ್ಲಿ ಒಡೆಯುವ ಅದೇ ಗಂಟಲು...

"ಆವು, ದೀಪೆ."

ವೇದಿಕೆಯಲ್ಲಿ ಅಪ್ಪನ ಪಾತ್ರ ಇಲ್ಲಿಗೇ ಮುಗಿದಿತ್ತು. ಈಗ ಅವನ ಕೈ ಕೆಳಗಿಳಿಯಲಿಲ್ಲ. ಫೋನ್ ಕಿವಿಯಲ್ಲೇ ಇತ್ತು. ಬೂತಿನಲ್ಲಿ ಹಿಂದೆ ಸರದಿಯಲ್ಲಿ ನಿಂತವರಿಗೆ ಮುಖ ಕಾಣದ ಹಾಗೆ ಗೋಡೆಗೆ ತಿರುಗಿ, ಆಚೆಯಿಂದ ಯಾರೋ ಮಾತಾಡುತ್ತಿರುವಂತೆ ತಲೆಯಾಡಿಸಿದ.

"ಹ್ಞೂಂ... ಹ್ಞೂಂ... ಹ್ಞೂಂ, ಮಗಾ..."

ಮತ್ತೆ ಮೆರ್ವಿನ್ ತನ್ನದೇ ಸ್ವರದಲ್ಲಿ ಹೇಳಿದ. "ಕಟ್ ಆದ ಫೋನನ್ನು ಹಿಡಿದು ಅಲ್ಲಿ ಹಾಗೆ ನಿಲ್ತಿದ್ರಂತೆ. ಇಲ್ಲಿ ನೀನು ಹೇಳ್ತಾ ಇದ್ದಿ ಅಂತ ಅವರಿಗೆ ಗೊತ್ತಾದದ್ದೇ ಆ ಸ್ಕಿಟ್ ನೋಡಿ. 'ಇನ್ನು ಮೆಲ್ಲ ಮಾತಾಡ್ತೇನೆ, ಅವಳು ಹೇಳಿ ಮುಗಿಸದೆ ಇಡುವುದಿಲ್ಲ' ಅಂದ್ರು. ನಿನಗೆ ಹೇಳ್ಬೇಡ ಅಂದ್ರು... ಅವರಿಗೆ ನಾಚಿಕೆ."

ಉಜ್ವಲಾ ನೆಲದ ಮೇಲೆ ಕುಳಿತುಬಿಟ್ಟಳು. ಆ ಮೌನ ನೋವಿನದ್ದಲ್ಲ... ಅಪ್ಪ ಕಾಯುತ್ತಿದ್ದ. ಪ್ರತಿ ಸಲವೂ ಕಾಯುತ್ತಿದ್ದ. ಮತ್ತೆ ಅವಳು, "ಹ್ಞೂಂ" ಎಂದು ಇಟ್ಟುಬಿಡುತ್ತಿದ್ದಳು.

ಅವನು ಬಳಿಯಲ್ಲಿ ಕುಳಿತ, ಅವಳ ಅಳು ತಾನಾಗಿ ತಗ್ಗುವವರೆಗೆ.

"ಇನ್ನೊಂದು ಸಲ," ಎಂದಳು.

"ಒಂದೇ ಸಲ ಅಲ್ವಾ ಕ್ರಮ..."

"ಮುಗೀಲಿಲ್ಲ. ನಾನು ಉತ್ತರ ಹೇಳ್ಲಿಲ್ಲ."

ಅವನು ಗೋಡೆಗೆ ತಿರುಗಿದ. ಈ ಸಲ ಸ್ವರ ಮೆಲ್ಲಗಿತ್ತು, ಕೊನೆಯ ತಿಂಗಳುಗಳ ಅಪ್ಪನ ಹಾಗೆ.

"ಒಣಸ್ ಆಂಡಾ ಮಗಾ?"

"ಆಂಡ್ ಪಪ್ಪ." ಅವಳು ತನ್ನ ಅಂಗೈಯನ್ನು ಕಿವಿಗಿಟ್ಟುಕೊಂಡಳು. ಹಾಸ್ಟೆಲಿನ ನೀರು ಸಾಂಬಾರು ಹೇಳಿದಳು. ಅವತ್ತು ಅಪ್ಪ ಹಾಸ್ಟೆಲಿನಲ್ಲಿ ಕೊಟ್ಟುಹೋದ ಪತ್ರೊಡೆಯನ್ನು ಯಾರಿಗೂ ಕೊಡದೆ ಒಬ್ಬಳೇ ಅಳುತ್ತ ತಿಂದದ್ದು ಹೇಳಿದಳು. ಅಮ್ಮ ಈಗ ಸಾರಿಗೆ ಉಪ್ಪು ಮರೆಯುವುದು, ಅದನ್ನು ಇಬ್ಬರೂ ಮಾತಿಲ್ಲದೆ ಉಣ್ಣುವುದು, ಎಲ್ಲ. ಗೋಡೆಯತ್ತ ತಿರುಗಿದ ತಲೆ ಮೆಲ್ಲನೆ ಆಡುತ್ತಲೇ ಇತ್ತು. "ಹ್ಞೂಂ... ಹ್ಞೂಂ..."

"ಆವು ಪಪ್ಪ," ಎಂದಳು ಕೊನೆಗೆ. "ದೀಪೆ."

ಕೈ ಕೆಳಗಿಳಿಯಿತು. ಮೆರ್ವಿನ್ ತಿರುಗಿದಾಗ ಅವನ ಕೆನ್ನೆಯೂ ಒದ್ದೆಯಾಗಿತ್ತು. ಅಪ್ಪನ ಭುಜ ಹೋಗಿ ಅವನದ್ದೇ ಭುಜ ಬಂದಿತ್ತು.

ಹಾಸ್ಟೆಲಿನ ಮೆಟ್ಟಿಲು ಹತ್ತುವಾಗ ಅವಳ ಫೋನ್ ರಿಂಗಾಯಿತು. ತಿರುಗಿ ನೋಡಿದರೆ ಮೆರ್ವಿನ್ ಗೇಟಿನ ಬಳಿ ನಿಂತಿದ್ದಾನೆ.

"ಊಟ ಆಯ್ತಾ?" ಕನ್ನಡದಲ್ಲಿ, ಅವನದ್ದೇ ಸ್ವರದಲ್ಲಿ.

"ಇಲ್ಲ."

"ಕೊಚ್ಚಿಯಿಂದಲೂ ಕೇಳಬಹುದಾ? ದಿನಾ?"

ಉಜ್ವಲಾ ಕಣ್ಣೊರೆಸಿಕೊಂಡಳು. "ಕೇಳು. ಆದ್ರೆ ಇಡುವುದು ಯಾರು?"

"ನೀನೇ. ನನಗೆ ನೀನು ಬೇಕು ಉಜ್ವಲಾ, ನಾನು ಇಡ್ಲಿಕ್ಕಿಲ್ಲ."

ಅವಳು ಮೆಟ್ಟಿಲಲ್ಲೇ ಕುಳಿತಳು. "ನಾನೂ ಇಡುವುದಿಲ್ಲ," ಎಂದಳು.