ನೈದಿಲೆ ಬೋಗುಣಿಯ ಮಣ್ಣು

ಗಿಡ ಕಳುವಾಗಿರಲಿಲ್ಲ. ಕುಂಡ ಕಳುವಾಗಿರಲಿಲ್ಲ. ಕಳುವಾಗಿದ್ದು ಮಣ್ಣು.

ಕಲಘಟಗಿ ಬಸ್ ನಿಲ್ದಾಣದ ಹಿಂದೆ, ಹುಣಸೆ ಮರದ ಕೆಳಗೆ ಗುಲಾಮಹುಸೇನನ ಗಿಡದಂಗಡಿ. ಬೆಳಿಗ್ಗೆ ಎಂಟಕ್ಕೆ ಸುಶೀಲಾ ಅಲ್ಲಿಗೆ ಬಂದಾಗ ಅವನು ಎರಡು ಬರಿದಾದ ಬೋಗುಣಿಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ.

"ನೋಡ್ರಿ ಅಕ್ಕಾರ, ನನ್ನ ನೈದಿಲಿ ಗತಿ!"

ಸುಶೀಲಾ ಹೆಣ್ಣುಮಕ್ಕಳ ಶಾಲೆಯ ಟೀಚರು. ರಜೆ ಸಿಕ್ಕರೆ ಊರಿನ ಎರಡೂ ಗಿಡದಂಗಡಿಗಳಿಗೆ ಒಂದು ಸುತ್ತು ಹಾಕದೆ ಇರುತ್ತಿರಲಿಲ್ಲ. ಅವಳ ಮನೆಯ ಪಡಸಾಲೆಯಲ್ಲಿ ಡಾಲ್ಡಾ ಡಬ್ಬಿಗಳ ಸಾಲು. ಜರಿಗಿಡ, ಕ್ರೋಟನ್, ಕಿಟಕಿಗೆ ಹಬ್ಬಿದ ಮನಿಪ್ಲಾಂಟ್. ಒಂದು ಎಲೆ ಹಳದಿಯಾದರೂ ಅವಳಿಗೆ ಊಟ ಸೇರುತ್ತಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಊರಿನಿಂದ ಬಂದು ನೆಲೆಸಿದ ಅತ್ತೆ ರೇವವ್ವನಿಗೆ ಇದೆಲ್ಲ ನಗೆಪಾಟಲು. "ಹೂವಿಲ್ಲ, ಕಾಯಿಲ್ಲ. ದನಕ್ಕ ಹಾಕ್ತಿಯೇನ ಬೇ ಈ ಎಲಿ?" ಅನ್ನುತ್ತಿದ್ದಳು.

ಅಂದು ಮಣ್ಣೆತ್ತಿನ ಅಮಾವಾಸ್ಯೆ. ಶಾಲೆಗೆ ರಜೆ.

"ಧಾರವಾಡ ಬಸ್ಸಿಗೆ ಸಸಿ ಬರೂದಿತ್ರಿ. ಏಳಕ್ಕ ಹೋದೆ, ಏಳೂವರಿಗೆ ಬಂದೆ. ಅಷ್ಟರಾಗ ಕೆಲಸ ಮುಗಿಸ್ಯಾನ."

"ಯಾರು?"

"ಮತ್ತ ಯಾರ್ರಿ? ಆ ಮಡಿವಾಳೆಪ್ಪ!"

ಮಡಿವಾಳೆಪ್ಪನದು ಊರಿನ ಇನ್ನೊಂದು ಗಿಡದಂಗಡಿ, ಸಾಮಿಲ್ಲಿನ ಬಾಜೂಕ್ಕೆ. ಹೋದ ವಾರ ಚಹಾದಂಗಡಿಯಲ್ಲಿ ಹತ್ತು ಜನರೆದುರು ಅವನು ಪಂಥ ಕಟ್ಟಿದ್ದ. 'ನಿನ್ನ ನೈದಿಲಿ ಅರಳಿದ್ರ ನಾ ಅಂಗಡಿ ಮುಚ್ಚತೇನಿ.' ನಿನ್ನೆ ಮೊದಲ ಮೊಗ್ಗು ನೀರಿನಿಂದ ತಲೆ ಎತ್ತಿತ್ತು. ಇವತ್ತು ಬೋಗುಣಿ ಖಾಲಿ.

"ಆ ಮಣ್ಣು ಮೊರಬದಿಂದ ಬಸ್ಸಿನ ಮ್ಯಾಲ ಹೇರಿಸಿ ತಂದಿದ್ದೇನ್ರಿ. ಅಗದಿ ಬೆಣ್ಣಿ ಇದ್ದಂಗಿತ್ತು. ಹನ್ನೆರಡಕ್ಕ ಫೌಜದಾರ್ರು ಠಾಣೆಗೆ ಬರ್ತಾರ. ಕಂಪ್ಲೇಂಟ್ ಬರದು ಕೊಡಾವನ ನಾ."

ಮಡಿವಾಳೆಪ್ಪನ ಅಂಗಡಿಯ ಜಾಗದ ಅರ್ಜಿ ಪಂಚಾಯಿತಿಯಲ್ಲಿತ್ತು. ಈ ವಾರವೇ ತೀರ್ಮಾನ. ಪೊಲೀಸ್ ಕಾಗದದಲ್ಲಿ ಹೆಸರು ಬಂದರೆ ಅರ್ಜಿ ಮೂಲೆಗೆ, ಅಂಗಡಿ ಬೀದಿಗೆ. ಸುಶೀಲಾಳಿಗೆ ಇಬ್ಬರೂ ಬೇಕು. ಅವಳಂತೂ ಒಬ್ಬನಲ್ಲಿ ಕೊಂಡ ಗಿಡದ ರೋಗಕ್ಕೆ ಇನ್ನೊಬ್ಬನಲ್ಲಿ ಔಷಧ ಕೇಳುವಾಕೆ.

"ಹನ್ನೆರಡರ ತನಕ ತಡೀರಿ, ಭಾಯಿ. ಕಳ್ಳನ್ನ ನಾ ತಂದು ನಿಲ್ಲಸ್ತೇನಿ."

ಅಂದುಬಿಟ್ಟಳು. ಹೇಗೆಂದು ಅವಳಿಗೇ ಗೊತ್ತಿರಲಿಲ್ಲ.

"ಗಿಡ ಎಲ್ಲಿ?"

ಅವನು ಮೂಲೆಯ ಬಕೆಟ್ ತೋರಿಸಿದ. ತುಂಬ ನೀರು. ನೀರಿನಲ್ಲಿ ಎರಡೂ ನೈದಿಲೆ ಗಡ್ಡೆಗಳು. ಎಲೆಗಳ ಮೇಲೆ ಬಿಸಿಲು ಬೀಳದಂತೆ ಹಸಿ ಗೋಣಿತಟ್ಟು. ಮೊಗ್ಗು ಮುಕ್ಕಾಗಿರಲಿಲ್ಲ.

"ನೀವು ಇಟ್ರೇನು?"

"ಇಲ್ರಿ. ನಾ ಬಂದಾಗ ಹಿಂಗಽ ಇತ್ತು."

ಉಳಿದ ಮೂವತ್ತು ಕುಂಡಗಳನ್ನು ಯಾರೂ ಮುಟ್ಟಿರಲಿಲ್ಲ. ಅವುಗಳಲ್ಲಿದ್ದದ್ದು ಉಸುಕು, ಗೊಬ್ಬರ ಬೆರೆಸಿದ ಕೆಂಪು ಮಣ್ಣು. ನಳದ ಕಡೆಗೆ ಕಪ್ಪು ಹನಿಗಳು ಬಿದ್ದಿದ್ದವು. ಒಂದೊಂದೂ ಅಗಲಕ್ಕೆ ಸಿಡಿದಿತ್ತು. ನಳದ ಕಟ್ಟೆಯ ಮೇಲೆ ಬೆರಳುದ್ದದ ಮಣ್ಣಿನ ಸುರುಳಿ. ತುದಿ ಚೂಪು. ಬಾಗಿಸಿದ್ದರೂ ಎಲ್ಲಿಯೂ ಸೀಳಿರಲಿಲ್ಲ.

ಸುಶೀಲಾ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಳು.

* * *

ಮಡಿವಾಳೆಪ್ಪನ ಎರಡೂ ಕೈ ಮೊಣಕೈತನಕ ಕಪ್ಪು ಕೆಸರು.

ಸುಶೀಲಾ ಆ ಕೈಗಳನ್ನೇ ನೋಡಿದಳು. ನೇರ ಕೇಳದೆ ಎದುರಿಗಿದ್ದ ಗಿಡದ ಬೆಲೆ ಕೇಳಿದಳು. ಕೆಂಪು ಗೀರಿನ ಹೊಸ ಕ್ರೋಟನ್. ಒಂದು ಕ್ಷಣ ಬಂದ ಕೆಲಸವೇ ಮರೆತುಹೋಯಿತು.

"ನಿಮಗಂತ ತಗದಿಟ್ಟೇನ್ರಿ ಅಕ್ಕಾರ. ಆದ್ರ ನಿಮ್ಮ ಮುಖ ಯಾಕ ಹಿಂಗ ಬಾಡೇತಿ?"

"ಕೈಯಾಗ ಏನದು?"

"ಕೆರಿ ಮಣ್ಣು. ನಾನೂ ನೈದಿಲಿ ಹಚ್ಚಾಕತ್ತೇನಿ." ತುಸು ನಾಚಿದ. "ಹುಸೇನ್ಯಾಗ ಹೇಳಬ್ಯಾಡ್ರಿ. ಅವಂದು ನೋಡಿ ಆಸೆ ಆತು."

ಅವಳು ಅವನ ತೊಟ್ಟಿಗೆ ಕೈ ಹಾಕಿದಳು. ಒಂದು ಹಿಡಿ ತೆಗೆದು ಬೆರಳಿನಲ್ಲಿ ಹಿಸುಕಿದಳು. ಸಣ್ಣ ಸಣ್ಣ ಬಸವನಹುಳದ ಚಿಪ್ಪು ಸಿಕ್ಕವು. ಪಾಚಿಯ ನಾತ. ಕರವಸ್ತ್ರದ ಸುರುಳಿ ತೆಗೆದು ಹೋಲಿಸಿದಳು. ಅದರಲ್ಲಿ ಚಿಪ್ಪಿಲ್ಲ, ನಾತವಿಲ್ಲ. ನುಣುಪು.

"ಬೆಳಿಗ್ಗೆ ಏಳರಿಂದ ಎಲ್ಲಿದ್ರಿ?"

"ಕೆರ್ಯಾಗ! ಸೈಕಲ್ಲಿಗೆ ಡಬ್ಬಿ ಕಟ್ಟಕೊಂಡು ನಾಕು ಸಲ ಅಡ್ಡಾಡೇನಿ. ಯಾಕ್ರಿ?"

ಅವಳು ವಿಷಯ ಹೇಳಿದಳು. ಮಡಿವಾಳೆಪ್ಪ ಕೈಯ ಕೆಸರು ಕೊಡವಿದ.

"ಆ ಹುಚ್ಚ ಹಂಗಂದನೇನ್ರಿ? ನಗಾಕಂತ ಚಾಷ್ಟಿಗೆ ಅಂದಿದ್ದೆ ನಾ! ಅವನ ಗಿಡಕ್ಕ ಕೈ ಹಚ್ಚತೇನೇನು?"

ಹತ್ತೂವರೆ.

* * *

ಸಂತೆ ಬಯಲಿನಲ್ಲಿ ಕುಂಬಾರ ಫಕೀರವ್ವ ಸಂಜೆಯ ಅಮಾವಾಸ್ಯೆ ಪೂಜೆಗೆ ಮಣ್ಣಿನ ಎತ್ತು ಮಾರುತ್ತಿದ್ದಳು. ಮಣ್ಣಿನ ಗುರುತು ಅವಳಿಗಿಂತ ಚೆನ್ನಾಗಿ ಯಾರಿಗೂ ಇರಲಿಲ್ಲ. ಸುಶೀಲಾ ಅವಳೆದುರು ಕರವಸ್ತ್ರ ಬಿಚ್ಚಿದಳು.

"ಇದೇನು ಹೇಳು, ಫಕೀರವ್ವ."

ಫಕೀರವ್ವ ನೋಡಿದ ಕೂಡಲೇ ನಕ್ಕಳು. "ಕೋಡು! ಎತ್ತಿನ ಕೋಡು. ಮಣ್ಣು ಹದ ಐತೋ ಇಲ್ಲೋ ನೋಡಾಕ ಮದಲ ಕೋಡು ಮಾಡಿ ಬಾಗಸ್ತಾರ. ಎರಿಮಣ್ಣದು, ಕರಿ ಹೊಲದ್ದು. ಎಲ್ಲಿ ಸಿಕ್ತ್ರಿ? ನಮ್ಮ ಕಡೆ ಸಿಗಂಗಿಲ್ಲ ಇದು."

"ನಿನ್ನ ಎತ್ತು?"

"ಕೆರಿ ಮಣ್ಣಿನವು. ಎಲ್ಲಾರೂ ಸುಮ್ಮನ ಒಯ್ಯತಾರ. ನಿನ್ನೆ ಒಬ್ಬಾಕಿ ಮುದುಕಿ ಬಂದು ಅಂದ್ಲು, 'ಇವು ಎತ್ತಲ್ಲ, ಕಪ್ಪಿ. ಪೂಜಿ ಮಾಡಿದ್ರ ವಟಗುಟ್ಟತಾವ' ಅಂತ! ನಾ ಬಿಡ್ತೇನೇನು? 'ನಿಮ್ಮ ಸೊಸಿ ಹೆಂಗ ಬಾಳೇವು ಮಾಡ್ತಾಳ ಬೇ ಯವ್ವಾ' ಅಂತ ಕೇಳಿದೆ."

"ಅದಕ್ಕೇನಂದ್ಲು?"

"'ಆಕಿ ಡಬ್ಬಿಯೊಳಗ ಎಲಿ ಸಾಕ್ತಾಳ, ಆಕೀಗೆ ಪುರುಸೊತ್ತಿಲ್ಲ' ಅಂದ್ಲ್ರಿ."

ಸುಶೀಲಾ ಸುರುಳಿಯನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಮನೆಯ ಕಡೆ ಓಡಿದಳು.

* * *

ಪಡಸಾಲೆಯಲ್ಲಿ ಜರಿಗಿಡಗಳ ಕೆಳಗೆ, ತಂಪು ನೆರಳಿನಲ್ಲಿ, ಐದು ಕಪ್ಪು ಎತ್ತುಗಳು ನಿಂತಿದ್ದವು. ಮುಂದೊಂದು ಪುಟ್ಟ ಗ್ವಾದಲಿ, ಮೇವು ಹಾಕುವ ತೊಟ್ಟಿ. ಗ್ವಾದಲಿಯಲ್ಲಿ ನಾಲ್ಕು ಜೋಳದ ಕಾಳು. ಎತ್ತುಗಳ ಹೆಗಲು ಉಬ್ಬಿತ್ತು, ಗಂಗೆದೊಗಲು ಇಳಿಬಿದ್ದಿತ್ತು. ರೇವವ್ವ ಕೊನೆಯ ಎತ್ತಿನ ಕಣ್ಣಿಗೆ ಕುಸುಬಿ ಕಾಳು ಒತ್ತುತ್ತಿದ್ದಳು.

ಇಂಥ ಚೆಂದದ ಎತ್ತುಗಳನ್ನು ಸುಶೀಲಾ ನೋಡಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಸುಮ್ಮನಿದ್ದರೆ ಮಡಿವಾಳೆಪ್ಪ ಮುಳುಗುತ್ತಾನೆ.

ಗಡಿಯಾರ ನೋಡಿದಳು. ಹನ್ನೊಂದೂವರೆ. ಇಬ್ಬರನ್ನೂ ಕರೆತರಲು ತಿರುಗಿ ಓಡಿದಳು.

* * *

ಹನ್ನೆರಡಕ್ಕೆ ಐದು ನಿಮಿಷವಿತ್ತು. ಪಡಸಾಲೆಯ ಒಂದು ತುದಿಗೆ ಗುಲಾಮಹುಸೇನ, ಇನ್ನೊಂದು ತುದಿಗೆ ಮಡಿವಾಳೆಪ್ಪ. ನಡುವೆ ಎತ್ತುಗಳು, ಪಕ್ಕದಲ್ಲಿ ರೇವವ್ವ.

"ಹೂವು ಬೇಕಾದವ ಮೊಗ್ಗು ಹರೀತಿದ್ದ," ಸುಶೀಲಾ ನಿಧಾನವಾಗಿ ಶುರುಮಾಡಿದಳು. "ಹೊಟ್ಟಿಕಿಚ್ಚಿನವ ಗಿಡ ತುಳೀತಿದ್ದ. ಈ ಕಳ್ಳ ಗಿಡ ನೀರಾಗಿಟ್ಟು, ಮ್ಯಾಲ ಹಸಿ ತಟ್ಟು ಹೊಚ್ಚ್ಯಾನ. ಅಂದ್ರ ಸಿಟ್ಟಿಲ್ಲ. ಮಣ್ಣಷ್ಟ ಬೇಕಾಗಿತ್ತು. ಅದೂ ಗೊಬ್ಬರ ಬೆರಸದ ಎರಿಮಣ್ಣು. ಹನಿ ಅಗಲಕ್ಕ ಸಿಡದಾವ, ಎತ್ತರದಿಂದ ಬಿದ್ದಾವ. ಬುಟ್ಟಿ ತಲಿ ಮ್ಯಾಲಿತ್ತು. ಮಡಿವಾಳೆಪ್ಪ ಸೈಕಲ್ ಬಿಟ್ಟು ಏನೂ ಹೊರಂಗಿಲ್ಲ. ಅವನ ಮಣ್ಣಿನಾಗ ಚಿಪ್ಪದಾವ, ಇದರಾಗಿಲ್ಲ. ಈ ಸುರುಳಿ ಎತ್ತಿನ ಕೋಡು. ಇವತ್ತಿನ ದಿನ ಎರಿಮಣ್ಣಿನ ಎತ್ತಽ ಬೇಕು, ಕೆರಿ ಮಣ್ಣಿಂದು ಬ್ಯಾಡ ಅನ್ನೂವರು ಎರಿನಾಡಿನವರು. ನಮ್ಮತ್ತಿ ತವರು, ಅತ್ತಿಮನಿ ಎರಡೂ ಮೊರಬ."

ಗುಲಾಮಹುಸೇನ ಬಾಯಿ ತೆರೆದ. ರೇವವ್ವ ಅದಕ್ಕೆ ಎಡೆ ಕೊಡಲಿಲ್ಲ.

"ಹೌದು, ನಾನಽ ತಂದೇನಿ. ಹೋದ ವಾರ ನೀನಽ ಹೇಳಿದೆಲ್ಲೋ, ಮೊರಬದ ಮಣ್ಣಂತ? ನಮ್ಮೂರಾಗ ಇವತ್ತ ಯಾರ ಹೊಲದಾಗಿನ ಮಣ್ಣ ಯಾರ ಬೇಕಾದ್ರೂ ತರ್ತಾರ. ಕೇಳಿದ್ರ ಹೊಲದಾವ ಬೈತಾನ, 'ಮಣ್ಣೂ ಕೇಳಿ ಒಯ್ಯತಾರೇನ ಬೇ' ಅಂತ. ಮಣ್ಣಿಗೆ ಕಳವು ಅಂತಾರೇನೋ ತಮ್ಮಾ?"

"ಬೇ ಯವ್ವಾ, ಅದು ಹೊಲ ಅಲ್ಲ, ಅಂಗಡಿ!"

"ನನಗೇನ್ ಗೊತ್ತು, ಮಣ್ಣೂ ಮಾರ್ತಾರಂತ? ಗಿಡ ಮಾತ್ರ ಕೂಸಿನಂಗ ಎತ್ತಿಟ್ಟೇನಿ ನೋಡು."

ಮೊದಲು ನಕ್ಕವನು ಮಡಿವಾಳೆಪ್ಪ. ಗುಲಾಮಹುಸೇನ ತಡೆಹಿಡಿಯಲು ನೋಡಿ ಸೋತ. ನಗುತ್ತಲೇ ಮಡಿವಾಳೆಪ್ಪನ ಬೆನ್ನಿಗೆ ಒಂದು ಗುದ್ದಿದ.

"ತಪ್ಪಾತ್ಲೇ. ಕಂಪ್ಲೇಂಟ್ ಕೊಡಂಗಿಲ್ಲ. ಅಂಗಡಿ ಮುಚ್ಚಬ್ಯಾಡ."

"ನೀ ಮದಲ ನೈದಿಲಿ ಹಚ್ಚೂದು ಕಲಸ್ಲೇ ನನಗ."

ಆದರೆ ಮಣ್ಣು? ಎತ್ತು ಒಡೆದರೆ ಸಂಜೆಯ ಪೂಜೆ ಹೋಯಿತು. ಒಡೆಯದಿದ್ದರೆ ನೈದಿಲೆ ಹೋಯಿತು. ಸುಶೀಲಾ ಉಗುರು ಕಚ್ಚಿದಳು. ಥಟ್ಟನೆ ಕೇಳಿದಳು:

"ಅತ್ತೀ, ಪೂಜಿ ಆದ ಮ್ಯಾಲ ಎತ್ತು ಏನ್ ಮಾಡೂದು?"

"ನಾಳೆ ನೀರಿಗೆ ಬಿಡೂದು. ಯಾವ ನೀರಾದ್ರೇನು?"

"ಬೋಗುಣಿ ನೀರಾದ್ರ ನಡೀತೈತಿ?"

ರೇವವ್ವ ಸೊಸೆಯ ಮುಖವನ್ನೇ ನೋಡಿದಳು. ಬಂದ ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳ ಗದ್ದ ಹಿಡಿದು ಅಲ್ಲಾಡಿಸಿದಳು. ಕೈಯ ಕೆಸರು ಗದ್ದಕ್ಕೆ ಮೆತ್ತಿತು.

* * *

ಮರುದಿನ ಹುಣಸೆ ಮರದ ಕೆಳಗೆ ಜನ ನೆರೆದಿತ್ತು. ಫಕೀರವ್ವನೂ ಬಂದಿದ್ದಳು. ರೇವವ್ವ ಕುಂಕುಮ ಹಚ್ಚಿದ ಎತ್ತುಗಳನ್ನು ಒಂದೊಂದಾಗಿ ಎರಡೂ ಬೋಗುಣಿಗಳ ನೀರಿಗೆ ಇಳಿಸಿದಳು. ಎತ್ತುಗಳು ಗುಳುಗುಳು ಅಂದು ಕರಗತೊಡಗಿದವು. ಗುಲಾಮಹುಸೇನ ಒಂದು ಬೋಗುಣಿಯಲ್ಲಿ ನೈದಿಲೆ ಗಡ್ಡೆ ಊರಿದ, ಮಡಿವಾಳೆಪ್ಪ ಇನ್ನೊಂದರಲ್ಲಿ. ಮೊಗ್ಗು ಓಲಾಡಿ, ನೆಟ್ಟಗೆ ನಿಂತಿತು.

ರೇವವ್ವ ಅದರ ಮುಖದ ಹತ್ತಿರ ಬಾಗಿ, ಬೆರಳು ತೋರಿಸಿ ಗದರಿದಳು:

"ಐದು ಎತ್ತು ಉಂಡೀದಿ. ಸಣ್ಣ ಹೂ ಬಿಟ್ಟೀ ಮತ್ತ, ನೋಡು!"