ಹರಳಿಗಂಟಿದ ಕಬ್ಬಿಣ

"ನಿಮ್ಮ ಹರಳಲ್ಲಿ ಕಬ್ಬಿಣ ಇದೆ. ತಗೊಂಡು ಹೋಗಿ."

ತಲೆಯನ್ನೂ ಎತ್ತದೆ ಅವನು ಹೇಳಿದ. ಪ್ರಯೋಗಾಲಯದ ಅಳತೆ ಕೋಣೆಯವನು. ಸದಾ ಶೀತಯಂತ್ರದ ಪಕ್ಕವೇ ಕೂತಿರುವ ಅವನನ್ನು ಎಲ್ಲರೂ ಥಂಡಿರಾಯ ಎನ್ನುತ್ತಿದ್ದರು. ಅವಳು ಕುಲುಮೆಯಲ್ಲಿ ಹರಳು ಬೆಳೆಸುವವಳು. ಮೊದಲ ಭೇಟಿಗೇ ಮೈಯೆಲ್ಲ ಉರಿದುಹೋಯಿತು.

"ಕಬ್ಬಿಣ ನಿಮ್ಮ ತಲೇಲಿರ್ಬೇಕು. ಶುದ್ಧ ಪುಡಿಯಿಂದ ಬೆಳೆಸಿದ್ದು ಅದು."

"ಬಿಸಿಯಾದ್ಮೇಲೂ ಅಯಸ್ಕಾಂತದ ಗುಣ ಹೋಗಿಲ್ಲ. ಶುದ್ಧ ಅಂತೆ, ಶುದ್ಧ."

ಅವಳ ಹರಳು ಅಭ್ರಕದ ಹಾಗೆ ಪದರ ಪದರ. ಚಳಿ ಏರಿದಂತೆ ಒಂದು ಪದರದ ಪರಮಾಣುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. ಪಕ್ಕದ ಪದರದವು ಹಟ ಹಿಡಿದು ಎದುರು ದಿಕ್ಕಿಗೆ. ಒಂದರ ಸೆಳೆತವನ್ನು ಇನ್ನೊಂದು ಅಳಿಸಿಬಿಡುತ್ತದೆ. ಬೆಚ್ಚಗಾದರೆ ಆ ಶಿಸ್ತೂ ಚದುರಿಹೋಗಬೇಕು. ಆಮೇಲೂ ಏನೋ ಸೆಳೆಯುತ್ತಿದೆಯೆಂದರೆ ಕಲಬೆರಕೆಯೇ ಸರಿ. ಇಬ್ಬರ ಸಂಶೋಧನೆಯನ್ನೂ ನೋಡಿಕೊಳ್ಳುವ ಗುರುಗಳು ಅದನ್ನು ನಂಬಿದರೆ ಕುಲುಮೆ ಬೇರೆಯವರ ಪಾಲು.

ಅಂದಿನಿಂದ ದಿನಾ ಜಗಳ. 'ಇಂಥವನ ಜೊತೆ ಮಾತಿಗೆ ನಿಲ್ಲೋದೇ ತಪ್ಪು' ಎಂದುಕೊಂಡೇ ಮರುದಿನ ಮತ್ತೆ ಹೋಗುತ್ತಿದ್ದಳು...

ಒಂದು ಬೆಳಿಗ್ಗೆ ಬಾಗಿಲು ತಳ್ಳಿದರೆ, ಅವನು ಅಂಟುಪಟ್ಟಿ ಒತ್ತಿ ಅವಳ ಹರಳಿನ ಮೇಲ್ಪದರವನ್ನೇ ಕೀಳುತ್ತಿದ್ದಾನೆ!

"ಕೈ ತೆಗೀರಿ ಮೊದಲು. ಹಾಳು ಮಾಡಿ ಗುರುಗಳ ಹತ್ರ ಚಾಡಿ ಹೇಳೋಕಾ?"

"ಇದನ್ನ ಯಾವುದ್ರಲ್ಲಿ ಸೀಳಿದ್ರಿ?"

"ಬ್ಲೇಡಲ್ಲಿ. ಯಾಕೆ?"

"ಉಕ್ಕಿನ ಬ್ಲೇಡು. ಅದರ ಧೂಳು ಮೇಲೆಲ್ಲ ಮೆತ್ತಿದೆ. ಒಳಗಲ್ಲ. ಇನ್ನೊಂದು ಚೂರನ್ನ ನಿನ್ನೆ ಹೀಗೇ ಸುಲಿದು ಅಳೆದೆ. ನೋಡಿ."

ಹರಳು ತಣ್ಣಗಾದಂತೆ ಪರದೆಯ ಮೇಲಿನ ಗೆರೆ ಏರಿ, ತುದಿ ಮುಟ್ಟಿ, ಅಲ್ಲಿಂದ ಅಚ್ಚುಕಟ್ಟಾಗಿ ಇಳಿದಿತ್ತು. ಬಿಸಿಯ ಕಡೆ ಕಬ್ಬಿಣದ ಸುಳಿವೇ ಇಲ್ಲ. ಅವಳು ಪರದೆಯಿಂದ ಅವನತ್ತ ತಿರುಗಿದಳು.

"ಗುರುಗಳಿಗೆ ಏನಂದ್ರಿ?"

"ನನ್ನ ಯಂತ್ರನೇ ಕೆಟ್ಟಿತ್ತು ಅಂದೆ."

"ಸುಳ್ಳು ಯಾಕೆ? ತಪ್ಪು ನನ್ನದಲ್ವಾ?"

ಅವನು ಅಂಟುಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕೂತ. "ಕುಲುಮೆ ನಿಮ್ಮ ಕೈತಪ್ಪಿ ಹೋದ್ರೆ... ದಿನಾ ಇಲ್ಲಿಗೆ ಬಂದು ನನ್ನ ಬಯ್ಯೋರು ಯಾರು?"

ಎದೆ ಝಲ್ಲೆಂದಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ನನ್ನ ತಪ್ಪು ಹೊರೋಕೆ ನಿಮ್ಮನ್ನ ಯಾರು ಕರೆದ್ರು? ಈಗ್ಲೇ ಹೋಗಿ ಬ್ಲೇಡಿನ ವಿಷಯ ಹೇಳ್ತೀನಿ."

"ಕುಲುಮೆ ಹೋದ್ರೆ?"

"ಮತ್ತೆ ಗಳಿಸ್ತೀನಿ. ನಿಮ್ಮನ್ನ ಬಯ್ಯೋಕೆ ಕುಲುಮೆ ಬೇಕಾ?" ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. ಕಣ್ಣು ತೇವವಾಗಿತ್ತು.

"ಹಾಗಾದ್ರೆ... ಬರ್ತೀರಾ?"

"ಬರದೆ ಇರ್ತೀನಾ? ಕೇಳದೆ ನನ್ನ ಹರಳು ಸುಲಿದಿದ್ದೀರಿ. ಅದರ ಬೈಗುಳ ಹಾಗೇ ಉಳಿದಿದೆ."

"ನಿಧಾನವಾಗಿ ಬಯ್ಯಿರಿ," ಎಂದ ಅವನು, ಪಕ್ಕದ ಕುರ್ಚಿಯ ಮೇಲಿದ್ದ ಕಾಗದಗಳನ್ನೆಲ್ಲ ತೆಗೆಯುತ್ತ. "ನನಗೇನೂ ಅವಸರ ಇಲ್ಲ."